ಬೀಡದಿಂದ ಬಂದವರು

ನಸುಕಿನ ಐದು ಗಂಟೆ. ಮೂಡಲಗಿ ತಾಲ್ಲೂಕಿನ ಹುಣಶ್ಯಾಳದ ಹತ್ತಿರ ಕಬ್ಬಿನ ಹೊಲದ ಬದುವಿನ ಮೇಲೆ ನಿಂತಿದ್ದೀರಿ. ಕಾಲ ಕೆಳಗೆ ಬಿದ್ದ ಕಬ್ಬಿನ ಗರಿಯ ರವದಿ ಇಬ್ಬನಿಗೆ ನೆನೆದು ಮೆತ್ತಗಾಗಿದೆ. ಕಣ್ಣಿಗೆ ಮನುಷ್ಯರು ಕಾಣುವ ಮೊದಲೇ ಕಬ್ಬು ಕಡಿಯುವ ಕೊಯ್ತಾದ ಸಪ್ಪಳ ಕೇಳುತ್ತದೆ. ಬುಡಕ್ಕೊಂದು ಏಟು, ತುದಿಗೊಂದು ಏಟು. ಗಂಡ ಕಡಿಯುತ್ತಾನೆ, ಹೆಂಡತಿ ಹೊರೆ ಕಟ್ಟುತ್ತಾಳೆ. ಕೂಲಿಯ ಲೆಕ್ಕ ಜೋಡಿಗೆ. ಅವಳ ಹೆಸರಿಗೆಂದು ಬೇರೆ ಪಗಾರವಿಲ್ಲ.

"ಮುಕಾದಮ್ ಮಾಮಾ, ಇವತ್ತ ಎಷ್ಟ ಟ್ರೇಲರ್ ತುಂಬತಾವ?" ಹೊಲದ ಯಜಮಾನ ಕೂಲಿಗಳ ಮುಖಂಡನನ್ನು ಕೇಳುತ್ತಾನೆ.

"ದೋನ್ ಹೋತೀಲ್, ಮಾಲಕ." ಎರಡಾಗುತ್ತವೆ ಎಂದು ಅವನ ಮರಾಠಿ ಉತ್ತರ.

ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ 300 ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ, ಪಾತ್ರೆ-ಪಡಗ, ಮಕ್ಕಳು-ಮರಿಗಳನ್ನು ಟ್ರೇಲರಿಗೆ ಹೇರಿಕೊಂಡು ಬಂದ ಗ್ಯಾಂಗು ಇದು. ದಾರಿಯಲ್ಲಿ ಯಾರೂ ತಡೆದು ಕೇಳಲಿಲ್ಲ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರಕ್ಕೆ ಹೋಗಿ ಮಹಾರಾಷ್ಟ್ರದ ಗಡಹಿಂಗ್ಲಜದ ಬಸ್ಸು ಹತ್ತಿ ನೋಡಿ, ಅಂಗಡಿಯ ಬೋರ್ಡುಗಳ ಅಕ್ಷರ ಬದಲಾದಾಗಲೇ ರಾಜ್ಯ ಬದಲಾದದ್ದು ತಿಳಿಯುವುದು. ನೀರಿಗೂ ಗಡಿಯಿಲ್ಲ. ಅತ್ತಲಿಂದ ಹರಿದುಬರುವ ಹಿರಣ್ಯಕೇಶಿ ನದಿ ಘಟಪ್ರಭೆಯನ್ನು ಕೂಡಿ ಗೋಕಾಕದಲ್ಲಿ ಧುಮುಕುತ್ತದೆ. ಆ ನೀರಿನ ಬಲದಿಂದಲೇ 1887ರಲ್ಲಿ ಅಲ್ಲಿ ನೂಲಿನ ಗಿರಣಿ ತಿರುಗಿತು, ದುಡಿಯುವ ಕೈಗಳು ಅದರ ಸುತ್ತ ನೆಲೆಯೂರಿದವು.

ಗಡಿ ತೆರೆದಿರಬೇಕೋ ಮುಚ್ಚಿರಬೇಕೋ ಎಂದು ಜಗತ್ತು ವಾದ ಮಾಡುತ್ತಿದೆ. ಭಾರತದೊಳಗೆ ಎಲ್ಲಿಗೂ ಹೋಗುವ, ಎಲ್ಲಿಯೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಅದು ದೊಡ್ಡದು, ಅದನ್ನು ಯಾರೂ ಮುಟ್ಟಬಾರದು. ಆದರೆ ಈ ಹೊಲದಲ್ಲಿ ನಿಂತಾಗ ಕಾಣುವುದೇ ಬೇರೆ. ಮನುಷ್ಯ ಗಡಿ ದಾಟಿದ್ದಾನೆ, ಅವನಿಗೆ ಸಲ್ಲಬೇಕಾದದ್ದು ಆಚೆಯೇ ಉಳಿದಿದೆ. ಬೇರೆ ಕಡೆಯೂ ಹೀಗೇ ಆಗಿದೆ. 1942ರಿಂದ 1964ರವರೆಗೆ ಅಮೆರಿಕ ಮೆಕ್ಸಿಕೋದ ರೈತಕೂಲಿಗಳನ್ನು 'ಬ್ರಸೆರೊ' ಕರಾರಿನಲ್ಲಿ ಕರೆಸಿಕೊಂಡಿತು. ಉಳಿತಾಯವೆಂದು ಅವರ ಕೂಲಿಯಿಂದ ಹಿಡಿದಿಟ್ಟ ಹಣ ಎಷ್ಟೋ ಮಂದಿಗೆ ಮರಳಿ ಸಿಗಲೇ ಇಲ್ಲ. ನಮ್ಮಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದದ್ದು 1979ರಲ್ಲಿ. ಆದರೂ 2020ರ ಲಾಕ್‌ಡೌನಿನಲ್ಲಿ ಕಬ್ಬು ಕಡಿಯುವವರು ಹೊಲಗಳಲ್ಲೇ ಸಿಕ್ಕಿಬಿದ್ದರು. ಅವರು ಊರಿಗೆ ಮರಳಲು ಮಹಾರಾಷ್ಟ್ರ ಸರ್ಕಾರ ಏಪ್ರಿಲ್‌ನಲ್ಲಿ ಪ್ರತ್ಯೇಕ ಅನುಮತಿ ಕೊಡಬೇಕಾಯಿತು.

ಬಿಸಿಲೇರಿದೆ. ಜೋಪಡಿಯ ಮುಂದೆ ಎಂಟೊಂಬತ್ತು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಲೆಗೆ ರವದಿ ತುರುಕುತ್ತಿದ್ದಾಳೆ. ಊರಲ್ಲಿ ಅವಳು ಓದಿದ್ದು ಮರಾಠಿ ಶಾಲೆಯಲ್ಲಿ; ಇಲ್ಲಿರುವುದು ಕನ್ನಡ ಶಾಲೆ. ಹಂಗಾಮು ಮುಗಿಯುವ ಹೊತ್ತಿಗೆ ಆ ವರ್ಷದ ಓದೂ ಮುಗಿದಿರುತ್ತದೆ.

ಕಬ್ಬು ಬೆಳೆಯುವ ಅಣ್ಣಂದಿರೇ, ಅವರು ಕಡಿದ ಕಬ್ಬಿನಿಂದಲೇ ನಮ್ಮ ಮನೆಗೆ ಬಿಲ್ಲು ಬರುವುದು. ಮುಂದಿನ ಹಂಗಾಮಿಗೆ ಗ್ಯಾಂಗು ಬರುವ ಮೊದಲೇ ಗ್ರಾಮಸಭೆಯಲ್ಲಿ ಎದ್ದು ನಿಂತು ಅವರ ಮಕ್ಕಳಿಗೊಂದು ಟೆಂಟ್ ಶಾಲೆ ಕೇಳಿ, ಅದಕ್ಕೊಬ್ಬ ಮರಾಠಿ ಬಲ್ಲ ಶಿಕ್ಷಕರನ್ನೂ ಕೇಳಿ.