ಐದು ಲೀಟರಿನ ಅಳತೆ

ಪುಣೆಯ ನಮ್ಮ ಮನೆ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಮೊನ್ನೆ ಮೊದಲ ಬಾರಿಗೆ, "ಐದು ಲೀಟರ್ ಅಳತೆ ಮಾಡಿ ತೋರಿಸಿ" ಎಂದು ಕೇಳಿದೆ. ಕೇಳುವ ಹಕ್ಕು ಗ್ರಾಹಕರಿಗಿದೆ ಎಂಬುದು ವರ್ಷಗಳಿಂದ ಗೊತ್ತು. ಬಾಯಿ ಮಾತ್ರ ಬಂದಿರಲಿಲ್ಲ.

ಹಿಂದಿನ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಪಕ್ಕದಲ್ಲಿದ್ದ ಹೆಂಡತಿ, "ಏನ್ರೀ ಇದು, ಹತ್ತಿಪ್ಪತ್ತು ರೂಪಾಯಿ ಹೋದ್ರೆ ಹೋಗ್ಲಿ" ಎಂದಳು. ನಾನೂ ಬೇಡ ಅಂದುಬಿಡುವವನೇ. ಆದರೆ ಅವತ್ತು ನವೆಂಬರ್ 19.

2005ರ ನವೆಂಬರ್ 19ರಂದು ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಇಂಡಿಯನ್ ಆಯಿಲ್ ಅಧಿಕಾರಿ ಎಸ್. ಮಂಜುನಾಥ್ ಅವರನ್ನು ಗುಂಡಿಕ್ಕಿ ಕೊಂದರು. ಕಲಬೆರಕೆಗಾಗಿ ಒಂದು ಬಂಕಿಗೆ ಬೀಗಮುದ್ರೆ ಹಾಕಿಸಿದ್ದರು, ಮತ್ತೆ ತಪಾಸಣೆಗೆ ಹೋಗಿದ್ದರು. ಕೆಜಿಎಫ್‌ನ ಹುಡುಗ. ಮೈಸೂರಿನಲ್ಲಿ ಇಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ. ವಯಸ್ಸು 27. ಹೆಚ್ಚುಕಡಿಮೆ ನನ್ನದೇ ಓರಗೆ.

ಆಗ ಪಡಿತರದ ನೀಲಿ ಸೀಮೆಎಣ್ಣೆ ಡೀಸೆಲ್‌ಗಿಂತ ಬಹಳ ಅಗ್ಗ. ಬೆರೆಸಿದಷ್ಟೂ ಲಾಭ. 1934ರಿಂದ ಪೆಟ್ರೋಲಿಯಂ ಕಾಯ್ದೆಯಿದೆ, ಸಂಗ್ರಹಕ್ಕೆ ಪರವಾನಗಿಯಿದೆ, ಬಂಕಿನಲ್ಲಿ ಸಾಂದ್ರತೆ ಬರೆದಿಡುವ ಪುಸ್ತಕವಿದೆ. ಆದರೆ ಕೊನೆಗೆ ಒಬ್ಬ ಮನುಷ್ಯ ಹೋಗಿ ಮಾದರಿ ತೆಗೆದು, ಕಂಡದ್ದನ್ನು ಕಂಡಂತೆ ಬರೆದು ಸಹಿ ಹಾಕಬೇಕು. 2011ರ ಜನವರಿಯಲ್ಲಿ ಮನ್ಮಾಡ್ ಬಳಿ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆ ಅವರನ್ನು ಎಣ್ಣೆಗಳ್ಳರು ಹಾಡಹಗಲೇ ಸುಟ್ಟು ಕೊಂದರು. ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ನಿಲ್ಲುವ ಅದೇ ಮನ್ಮಾಡ್.

ನಾನೂ ದಿನವೂ ಸಹಿ ಹಾಕುವವನು. ಕಳೆದ ವರ್ಷ ಒಂದು ಶುಕ್ರವಾರ ಸಂಜೆ, ಅರ್ಧಕ್ಕೆ ನಿಂತಿದ್ದ ಟೆಸ್ಟಿಂಗ್ ಮುಂದೆ 'ಆಗಿದೆ' ಎಂದು ಟಿಕ್ ಹಾಕಿ ಸಾಫ್ಟ್‌ವೇರ್ ರಿಲೀಸ್ ಮಾಡಿಸಿದೆ. ತಂಡದ ಹೊಸ ಹುಡುಗಿ, "ಸರ್, ಇನ್ನೂ ಮುಗಿದಿಲ್ಲವಲ್ಲ" ಎಂದಿದ್ದಳು. "ಸೋಮವಾರ ನೋಡೋಣಮ್ಮ" ಎಂದೆ. ಸೋಮವಾರ ಯಾರೂ ನೋಡಲಿಲ್ಲ. ನನಗೆ ಯಾರೂ ಬಂದೂಕು ತೋರಿಸಿರಲಿಲ್ಲ. ಕ್ಲೈಂಟ್ ಎರಡು ಸಲ ಫೋನ್ ಮಾಡಿದ್ದ, ಅಷ್ಟೇ. ಆ ಹುಡುಗಿ ಈಗ ಏನನ್ನೂ ಕೇಳುವುದಿಲ್ಲ. ಅದನ್ನು ಅವಳಿಗೆ ಕಲಿಸಿದವನು ನಾನೇ.

ಬಂಕಿನ ಹುಡುಗ ತೂಕ ಮತ್ತು ಅಳತೆ ಇಲಾಖೆಯ ಮುದ್ರೆಯಿದ್ದ ಕ್ಯಾನು ತಂದ. ಐದು ಲೀಟರಿಗೆ 25 ಮಿಲಿಲೀಟರ್ ವ್ಯತ್ಯಾಸಕ್ಕೆ ಅವಕಾಶವಿದೆ. ಪೆಟ್ರೋಲು ಸರಿಯಾಗಿ ಗೆರೆಗೇ ನಿಂತಿತು. ನಾನು ಕೇಳದಿದ್ದರೂ ಫಿಲ್ಟರ್ ಕಾಗದ ತಂದು ಒಂದು ಹನಿ ಬಿಟ್ಟ. ಆರಿತು, ಕಲೆ ಉಳಿಯಲಿಲ್ಲ. ಕಲೆ ಉಳಿದರೆ ಕಲಬೆರಕೆಯ ಅನುಮಾನ. ಕ್ಯಾನಿನ ಪೆಟ್ರೋಲನ್ನು ನನ್ನ ಟ್ಯಾಂಕಿಗೇ ಸುರಿದ.

ನನಗೆ ನಾಚಿಕೆಯಾಗಿತ್ತು. ಸುಮ್ಮನೆ ತೊಂದರೆ ಕೊಟ್ಟೆ ಎಂದೆ. ಅವನ ಮುಖದಲ್ಲಿ ಬೇಸರವಿರಲಿಲ್ಲ. "ಸಾಹೇಬ, ಕೋಣಿ ವಿಚಾರತಚ್ ನಾಹಿ" ಎಂದ. ಯಾರೂ ಕೇಳುವುದೇ ಇಲ್ಲವಂತೆ.

ಮರುದಿನ ಆಫೀಸಿಗೆ ಹೋದವನು ಮೊದಲು ಆ ಹುಡುಗಿಯ ಮೇಜಿನ ಬಳಿ ಹೋದೆ. "ಅವತ್ತಿನ ಆ ಟೆಸ್ಟ್ ಇನ್ನೂ ಬಾಕಿ ಇದೆಯಲ್ವಾ?" ಎಂದೆ.