ನಜ್ಜುಗುಜ್ಜಾಗಲೆಂದೇ ಕಟ್ಟಿದ ಕಾರು

ಹೊಸ ಕಾರು ಕೊಳ್ಳಲು ಹೋದವರು ಬಾನೆಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುವುದುಂಟು. ‘ಇದೇನು, ಬಿಸ್ಕತ್ತಿನ ಡಬ್ಬಿಯ ತಗಡಿನ ಹಾಗಿದೆ! ನಮ್ಮ ಕಾಲದ ಅಂಬಾಸಿಡರ್ ಆಗಿದ್ದರೆ ಗುದ್ದಿದ ಗೋಡೆಯೇ ಬೀಳುತ್ತಿತ್ತು’ ಎಂದು ಮನೆಯ ಹಿರಿಯರು ಮೂಗು ಮುರಿಯುವುದೂ ಉಂಟು. ಗಟ್ಟಿಯಾದದ್ದು ಕಾಪಾಡುತ್ತದೆ, ಮೆತ್ತಗಿನದು ಕೈಕೊಡುತ್ತದೆ ಎಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಆದರೆ ಜರ್ಮನಿಯ ಮರ್ಸಿಡಿಸ್-ಬೆಂಜ್ ತನ್ನ ಅತ್ಯಂತ ದುಬಾರಿ ಸೆಲೂನ್ ಕಾರುಗಳ ಮೂತಿಯನ್ನು, ಡಿಕ್ಕಿ ಹೊಡೆದಾಗ ನಜ್ಜುಗುಜ್ಜಾಗಲಿ ಎಂದೇ ಕಟ್ಟುತ್ತ ಬಂದು ಆರು ದಶಕಗಳ ಮೇಲಾಯಿತು.

ಈ ವಿಚಿತ್ರ ಆಲೋಚನೆಯ ಹಿಂದೆ ಇದ್ದವನು ಬೇಲಾ ಬರೇನಿ. 1907ರಲ್ಲಿ ಆಸ್ಟ್ರಿಯಾದ ವಿಯೆನ್ನಾ ಸಮೀಪದ ಹಿರ್ಟೆನ್‌ಬರ್ಗ್‌ನಲ್ಲಿ ಹುಟ್ಟಿದ ಈತ 1939ರಲ್ಲಿ, ಮರ್ಸಿಡಿಸ್ ಕಾರುಗಳನ್ನು ತಯಾರಿಸುತ್ತಿದ್ದ ಡೈಮ್ಲರ್-ಬೆಂಜ್ ಕಂಪನಿ ಸೇರಿದ. ಕಾರೆಲ್ಲವೂ ಒಂದೇ ಸಮನೆ ಗಟ್ಟಿಯಾಗಿರಬೇಕು ಎಂಬುದು ಆಗಿನ ಎಂಜಿನಿಯರುಗಳ ನಂಬಿಕೆ. ಬರೇನಿ ಕಾರನ್ನು ಮೂರು ಭಾಗವಾಗಿ ಕಂಡ. ಜನ ಕೂರುವ ನಡುವಿನ ಕೋಣೆ ಉಕ್ಕಿನ ಪಂಜರದಂತೆ ಬಲವಾಗಿರಬೇಕು. ಮುಂದಿನ ಮತ್ತು ಹಿಂದಿನ ಭಾಗಗಳು ಪೆಟ್ಟು ಬಿದ್ದಾಗ ಮಡಚಿಕೊಳ್ಳಬೇಕು. 1951ರಲ್ಲಿ ಇದಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದ. 1959ರಲ್ಲಿ ಬಂದ ಮರ್ಸಿಡಿಸ್ 220 ಮಾಲಿಕೆಯ ಸೆಲೂನುಗಳಲ್ಲಿ ಅದು ರೂಪ ತಳೆಯಿತು. ಇವತ್ತಿನ ‘ಎಸ್-ಕ್ಲಾಸ್’ ಕಾರಿನ ಪೂರ್ವಜರಲ್ಲಿ ಈ ಕಾರುಗಳೂ ಸೇರಿವೆ.

ಮುರಿಯುವ ಕಾರು ಮನುಷ್ಯನನ್ನು ಹೇಗೆ ಉಳಿಸೀತು? ಇದಕ್ಕೆ ಉತ್ತರ ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಇದೆ. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಮೇಲಿನಿಂದ ಬೀಳುವ ವಸ್ತುವಿಗೆ ಈ ವೇಗ ಬರಬೇಕಾದರೆ ಅದು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಕಟ್ಟಡದ ತಾರಸಿಯಿಂದ ಬೀಳಬೇಕು. ಊರೊಳಗಿನ ವೇಗವೇ ಇಷ್ಟು ಭಯಂಕರ! 60 ಕಿಲೋಗ್ರಾಂ ತೂಕದ ಮನುಷ್ಯ ಈ ವೇಗದಿಂದ 10 ಸೆಂಟಿಮೀಟರ್ ಅಂತರದೊಳಗೆ ನಿಂತುಬಿಟ್ಟರೆ, ಅವನ ಮೈಮೇಲೆ ಬೀಳುವ ಸರಾಸರಿ ಬಲ ಸುಮಾರು 6 ಟನ್ ಭಾರಕ್ಕೆ ಸಮ. ಅದೇ ಮನುಷ್ಯ 60 ಸೆಂಟಿಮೀಟರ್ ದೂರ ಸಾಗಿ ನಿಂತರೆ ಬಲ ಆರನೇ ಒಂದು ಪಾಲಿಗೆ, ಅಂದರೆ ಸುಮಾರು ಒಂದು ಟನ್ನಿಗೆ ಇಳಿಯುತ್ತದೆ. ಒಂದು ಟನ್ನೂ ಕಡಿಮೆಯದಲ್ಲ. ಆದರೆ ಎದೆ, ಭುಜ, ಸೊಂಟಗಳಿಗೆ ಹಂಚಿಹೋದರೆ ದೇಹ ಅದನ್ನು ಕ್ಷಣಮಾತ್ರ ತಡೆದೀತು. ಬಾನೆಟ್ಟಿನ ಕೆಳಗಿನ ಉಕ್ಕಿನ ತೊಲೆಗಳು ಮಡಚಿಕೊಳ್ಳುತ್ತ ಸಂಪಾದಿಸಿ ಕೊಡುವುದು ಈ 50 ಸೆಂಟಿಮೀಟರನ್ನೇ. ಕಾರಿನ ಚಲನಶಕ್ತಿಯೂ ಆ ಉಕ್ಕನ್ನು ಬಗ್ಗಿಸುವುದರಲ್ಲಿ ವ್ಯಯವಾಗುತ್ತದೆ.

ತೆಂಗಿನ ತೋಟದಲ್ಲಿ ಇದನ್ನು ದಿನವೂ ಕಾಣಬಹುದು. ಅಷ್ಟೆತ್ತರದ ಮರದಿಂದ ಕಾಯಿ ದೊಪ್ಪನೆ ಬಿದ್ದರೂ ಒಳಗಿನ ಕರಟ ಸಾಮಾನ್ಯವಾಗಿ ಒಡೆಯುವುದಿಲ್ಲ. ಹೊರಗೆ ಮೆತ್ತನೆಯ ನಾರಿನ ಸಿಪ್ಪೆ, ಒಳಗೆ ಗಟ್ಟಿ ಕರಟ. ಸುಲಿದ ಕಾಯಿಯನ್ನು ಅಷ್ಟೇ ಎತ್ತರದಿಂದ ಬಂಡೆಯ ಮೇಲೆ ಬಿಟ್ಟರೆ ಏನಾಗುತ್ತದೆಂದು ಯಾವ ಹಳ್ಳಿಯ ಹುಡುಗನನ್ನು ಕೇಳಿದರೂ ಹೇಳಿಯಾನು.

ಕಾಗದದ ಮೇಲಿನ ಲೆಕ್ಕವನ್ನು ನಂಬಿ ಕೂರುವಂತಿರಲಿಲ್ಲ. 1959ರ ಸೆಪ್ಟೆಂಬರಿನಲ್ಲಿ ಸಿಂಡೆಲ್‌ಫಿಂಗೆನ್ ಕಾರ್ಖಾನೆಯ ಬಯಲಿನಲ್ಲಿ ಕಂಪನಿ ತನ್ನದೇ ಕಾರೊಂದನ್ನು ಗಟ್ಟಿ ತಡೆಗೆ ಗುದ್ದಿಸಿ ನೋಡಿತು. ಮುಂದೆ, ಬಿಸಿನೀರಿನ ಆವಿಯಿಂದ ಓಡುವ ರಾಕೆಟ್ಟನ್ನು ಕಟ್ಟಿ ಕಾರುಗಳನ್ನು ತಳ್ಳಿದ್ದೂ ಉಂಟು. ಈಗ ಕಾರು ನಿಜವಾದ ಗೋಡೆಗೆ ಗುದ್ದುವ ಮೊದಲೇ ಕಂಪ್ಯೂಟರಿನೊಳಗೆ ಎಷ್ಟೋ ಸಲ ಗುದ್ದಿರುತ್ತದೆ. ಇಂಥ ಲೆಕ್ಕಾಚಾರದಲ್ಲಿ, 1996ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇದೇ ಕಂಪನಿಯ ಸಂಶೋಧನಾ ಕೇಂದ್ರಕ್ಕೂ ಪಾಲಿದೆ.

‘ಎಸ್-ಕ್ಲಾಸ್’ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1972ರಲ್ಲಿ. ಚಕ್ರಗಳು ಬಿಗಿದುಕೊಳ್ಳದ ಹಾಗೆ ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ ಮತ್ತೆ ಹಿಡಿಯುವ ‘ಎಬಿಎಸ್’ ಏರ್ಪಾಟು ಬಾಷ್ ಕಂಪನಿಯ ನೆರವಿನಿಂದ 1978ರಲ್ಲಿ ಈ ಕಾರಿಗೆ ಬಂತು. ಉರುಳುವ ಚಕ್ರ ಚಾಲಕನ ಮಾತು ಕೇಳುತ್ತದೆ. ಬಿಗಿದು ಜಾರುವ ಚಕ್ರ ಕೇಳುವುದಿಲ್ಲ. ಈ ಏರ್ಪಾಟಿನ ಮೊದಲ ಪ್ರದರ್ಶನ ನಡೆದದ್ದು 1970ರಲ್ಲಿ. ಅಂದಿನ ಎಲೆಕ್ಟ್ರಾನಿಕ್ಸ್ ನಂಬುವಂತಿರಲಿಲ್ಲವಾದ್ದರಿಂದ ಎಂಜಿನಿಯರುಗಳು ಇನ್ನೂ ಎಂಟು ವರ್ಷ ದುಡಿದರು. ಕೊಳ್ಳುವವರು ಇದಕ್ಕೆಂದೇ 2,200ಕ್ಕೂ ಹೆಚ್ಚು ಜರ್ಮನ್ ಮಾರ್ಕು ತೆರಬೇಕಿತ್ತು. 1981ರಲ್ಲಿ ಚಾಲಕನ ಗಾಳಿಚೀಲ ಬಂತು. ಸೋಡಿಯಂ ಅಜೈಡ್ ಎಂಬ ರಾಸಾಯನಿಕ ಹೊತ್ತಿ, ಹೊಮ್ಮಿದ ಸಾರಜನಕ ಅನಿಲ ಸೆಕೆಂಡಿನ ನೂರನೇ ಮೂರು ಭಾಗದಷ್ಟು ಅವಧಿಯಲ್ಲಿ ಚೀಲವನ್ನು ತುಂಬುತ್ತಿತ್ತು. ಕಣ್ಣೆವೆ ಮಿಟುಕಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಸಿರಿವಂತರ ಕಾರಿನ ಈ ಸಂಗತಿ ಉಳಿದವರಿಗೇಕೆ ಎಂದು ಯಾರಾದರೂ ಕೇಳಬಹುದು. ಕಾರು ಅಡ್ಡಾದಿಡ್ಡಿ ತಿರುಗದಂತೆ ಒಂದೊಂದು ಚಕ್ರಕ್ಕೂ ಬೇರೆ ಬೇರೆಯಾಗಿ ಬ್ರೇಕು ಹಾಕುವ ‘ಇಎಸ್‌ಪಿ’ 1995ರಲ್ಲಿ ಮೊದಲು ಬಂದದ್ದು ಎಸ್-ಕ್ಲಾಸ್‌ನ ಎರಡು ಬಾಗಿಲಿನ ಮಾದರಿಯಲ್ಲಿ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಇದೇ ಕಂಪನಿಯ ಪುಟ್ಟ ‘ಎ-ಕ್ಲಾಸ್’ ಕಾರನ್ನು ಪರೀಕ್ಷಿಸಿತು. ರಸ್ತೆಗೆ ಅಡ್ಡ ಬಂದ ಕಡವೆಯನ್ನು ತಪ್ಪಿಸುವಂತೆ ಥಟ್ಟನೆ ತಿರುಗಿಸಿದಾಗ ಕಾರು ಮಗುಚಿಕೊಂಡಿತು. ಮಾರಾಟ ನಿಂತಿತು, ಕಂಪನಿ ತಲೆ ತಗ್ಗಿಸಿತು. ಕೊನೆಗೆ ದೊಡ್ಡಣ್ಣನ ‘ಇಎಸ್‌ಪಿ’ಯನ್ನೇ ಪ್ರತಿಯೊಂದು ಎ-ಕ್ಲಾಸ್ ಕಾರಿಗೂ ಅಳವಡಿಸಿತು. ಹೀಗೆ ಅರಮನೆಯ ವಸ್ತು ಗುಡಿಸಲಿನತ್ತ ಇಳಿಯುತ್ತದೆ. ಆದರೆ ಎಲ್ಲ ಕಡೆಯೂ ಇಷ್ಟು ಬೇಗ ಇಳಿಯುವುದಿಲ್ಲ. ಭಾರತದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಮತ್ತು ಚಾಲಕನ ಗಾಳಿಚೀಲ ಕಡ್ಡಾಯವಾದದ್ದು 2019ರಲ್ಲಿ. ಒಂದಕ್ಕೆ 41 ವರ್ಷ, ಇನ್ನೊಂದಕ್ಕೆ 38 ವರ್ಷದ ಪಯಣ. ಅಷ್ಟರಲ್ಲಿ ಎಷ್ಟು ಮನೆಗಳ ದೀಪ ಆರಿತೋ!

ಇಷ್ಟೆಲ್ಲ ಜಾಣ್ಮೆ ಕೊನೆಗೆ ನೇತಾಡುತ್ತಿರುವುದು ಒಂದು ಪಟ್ಟಿಯ ಮೇಲೆ. ಬರೇನಿಯ ಕಾರು ಬಂದ ಅದೇ 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ, ಭುಜ ಮತ್ತು ಸೊಂಟವನ್ನು ಮೂರು ಕಡೆ ಹಿಡಿಯುವ ಸೀಟ್ ಬೆಲ್ಟ್ ಕಾರುಗಳಿಗೆ ಬಂತು. ವೋಲ್ವೊ ಅದರ ಪೇಟೆಂಟನ್ನು ಎಲ್ಲ ತಯಾರಕರ ಬಳಕೆಗೂ ಬಿಟ್ಟುಕೊಟ್ಟಿತು. ಬೆಲ್ಟ್ ಕಟ್ಟದವನಿಗೆ ಎಸ್-ಕ್ಲಾಸ್ ಕಾರಿನ ಮೂತಿ ಮಡಚಿದರೂ ಹೆಚ್ಚಿನ ಪ್ರಯೋಜನವಿಲ್ಲ. ಕಾರು ನಿಧಾನಗೊಳ್ಳುತ್ತಿರುವಾಗ ಅವನು ಮಾತ್ರ ನ್ಯೂಟನ್ನನ ಮೊದಲ ನಿಯಮದಂತೆ ಅದೇ 50 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಸಾಗುತ್ತಿರುತ್ತಾನೆ. ಆಗಲೇ ನಿಂತುಹೋದ ಕಾರಿನ ಒಳಮೈಗೆ ಬಡಿದು ಕೆಲವೇ ಸೆಂಟಿಮೀಟರಿನಲ್ಲಿ ನಿಲ್ಲುತ್ತಾನೆ. ಹಿಂದಿನ ಸೀಟಿನವನಾದರೆ ಮುಂದೆ ಕೂತವರ ಬೆನ್ನಿಗೆ ಬಡಿಯುತ್ತಾನೆ.

ತಾಯಿಯ ತೊಡೆಯೇ ಮಗುವಿಗೆ ಸುರಕ್ಷಿತ ಜಾಗ ಎಂಬ ನಂಬಿಕೆ ಇನ್ನೂ ಹೋಗಿಲ್ಲ. 10 ಕಿಲೋಗ್ರಾಂ ತೂಗುವ ಮಗು, 50 ಕಿಲೋಮೀಟರ್ ವೇಗದಿಂದ 60 ಸೆಂಟಿಮೀಟರಿನೊಳಗೆ ನಿಲ್ಲುವಾಗ 160 ಕಿಲೋಗ್ರಾಂ ಭಾರದಂತೆ ಎಳೆಯುತ್ತದೆ. ಯಾವ ತಾಯಿಯ ತೋಳಿಗೆ ಅಷ್ಟು ಬಲವಿದ್ದೀತು? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಆಸನವಿಲ್ಲದೆ ವಾಹನ ನಡೆಸುವವರಿಗೆ 1,000 ರೂಪಾಯಿ ದಂಡ ವಿಧಿಸುತ್ತದೆ. ಮಗುವಿನ ಲೆಕ್ಕದ ಮುಂದೆ ಆ ದಂಡದ ಲೆಕ್ಕ ತೀರ ಚಿಕ್ಕದು.

2,500ಕ್ಕೂ ಹೆಚ್ಚು ಪೇಟೆಂಟುಗಳನ್ನು ಪಡೆದ ಬರೇನಿ 1997ರಲ್ಲಿ ತೀರಿಕೊಂಡ. ಅವನ ಆಲೋಚನೆ ಇಂದು ಮಧ್ಯಮ ವರ್ಗದವರು ಸಾಲ ಮಾಡಿ ಕೊಳ್ಳುವ ಕಾರಿನೊಳಗೂ ಇದೆ. ಆದರೆ ಎಷ್ಟೋ ಕಾರುಗಳಲ್ಲಿ ಹಿಂದಿನ ಸೀಟಿನ ಬೆಲ್ಟಿನ ಕೊಂಡಿ ಹೊಸ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿರುತ್ತದೆ. ಮುಂದಿನ ಪ್ರಯಾಣಕ್ಕೆ ಹೊರಡುವ ಮೊದಲು ಮನೆಯ ಮಕ್ಕಳೇ ಅದನ್ನು ಹುಡುಕಿ ಹೊರಗೆಳೆಯಬಹುದು.