ಡೈರಿಗೊಂದು ವಿದಾಯ

ಡೈರಿ ಬರೆಯುವ ಹುಚ್ಚು ನಿಮಗೂ ಇದೆಯೇ? ನನಗದು ಹತ್ತಿದ್ದು 2020ರಲ್ಲಿ. ಮಾರ್ಚ್ 23ಕ್ಕಿದ್ದ ದ್ವಿತೀಯ ಪಿಯುಸಿ ಇಂಗ್ಲಿಷ್ ಪರೀಕ್ಷೆ ಕೊರೋನಾದಿಂದ ಮುಂದಕ್ಕೆ ಹೋಗಿ, ಕೊನೆಗೆ ಬರೆದದ್ದು ಜೂನ್ 18ರಂದು! ಅಲ್ಲಿಯವರೆಗೆ ಮನೆಯಲ್ಲಿ ಕೂತು ಗೀಚಿದ್ದೇ ಗೀಚಿದ್ದು. ಅಮ್ಮ ಓದು ಅಂದಳು, ಪಾತ್ರೆ ತೊಳಿ ಅಂದಳು, ಫೋನ್ ಕಿತ್ಕೊಂಡಳು... ಬರೀ ದೂರು.

ಈಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟಿದ್ದೇನೆ. ಮೊನ್ನೆ ಬಟ್ಟೆಬರೆ ಜೋಡಿಸುವಾಗ ಆ ಡೈರಿ ಸಿಕ್ಕಿತು. "ಅಮ್ಮನಿಗೆ ನಾನಂದ್ರೆ ಆಗೋದೇ ಇಲ್ಲ" ಎಂದು ಬರೆದ ಹಾಳೆಯ ಅಂಚಿನಲ್ಲಿ ಅರಿಶಿನದ ಬೆರಳ ಗುರುತು! ಆಗ ನಾನು ಒಂದು ಒಗ್ಗರಣೆ ಹಾಕಿದವಳೂ ಅಲ್ಲ. ಅಮ್ಮ ಓದಿದ್ದಳು, ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಡೈರಿಯನ್ನು ಬಚ್ಚಲೊಲೆಗೆ ಹಾಕಿದೆ.

"ಏನೇ ಅದು?"

"ಹಳೇ ನೋಟ್ಸು ಕಣಮ್ಮ."

ಅಮ್ಮ ಒಲೆಯ ಕಡೆ ನೋಡಿದಳು. "ನೀರು ಕಾಯ್ತಾ ಇದೆ. ಬಾ, ತಲೆಗೆ ಎಣ್ಣೆ ಹಚ್ತೀನಿ."

ತಪ್ಪಾಯ್ತು ಅನ್ನಬೇಕೆಂದಿದ್ದೆ, ಗಂಟಲು ಕಟ್ಟಿತು. ಊರು ಬಿಡುವ ಮೊದಲು ಹೇಳಿಯೇ ಹೇಳುತ್ತೇನೆ.

ತಾಯಂದಿರೇ, ಮಗಳ ಡೈರಿಯ ಸಿಟ್ಟನ್ನೆಲ್ಲ ನಂಬಬೇಡಿ. ಡೈರಿ ಬರೆಯುವ ಗೆಳತಿಯರೇ, ಒಂದು ಹಾಳೆ ಅಮ್ಮನ ಪರವಾಗಿಯೂ ಇರಲಿ.